ಏಳು ಗ್ರಹಗಳ ಸಭೆ ಮತ್ತು ನಮ್ಮ ಅವ್ವನ ಕೈ

ಗ್ರಹಗಳನ್ನು ಸೃಷ್ಟಿಸುವುದು ಸುಲಭ, ಅವುಗಳ ಸಭೆ ಕರೆಯುವುದು ಕಷ್ಟ ಎಂಬ ಅಂಶವನ್ನು ಪ್ರಾರಂಭದಲ್ಲಿಯೇ ಓದುಗ ಮಹಾಶಯರ ಅವಗಾಹನೆಗೆ ತರಬಯಸುತ್ತೇನೆ. ನಾನು ಲೇಖಕನಲ್ಲ. ಹಗರೆಯಲ್ಲಿ ಬಸ್ಸಿಳಿದು ಒಂದಿಷ್ಟು ನಡೆದರೆ ಸಿಗುವ ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದ, ಅಂದರೆ ಜನರ ಬಾಯಲ್ಲಿ ‘ಡೈರಿ’ಯ, ಕಾರ್ಯದರ್ಶಿ. ಈವರೆಗೆ ನಾನು ಬರೆದಿರುವುದೆಲ್ಲ ಮೇಲಿನ ಕಚೇರಿಗೆ ಬರೆದ ಪತ್ರಗಳೇ. ಕ್ಯಾನಿನ ಮುಚ್ಚಳ ಅದಲುಬದಲಾದ ಬಗ್ಗೆ, ಹಾಲಿನ ಲಾರಿ ತಡವಾಗಿ ಬಂದ ಬಗ್ಗೆ, ಕಿಟಕಿಯೂ ಇಲ್ಲದ ನನ್ನ ಕೊಠಡಿಗೆ ಒಂದು ಫ್ಯಾನು ಮಂಜೂರು ಮಾಡುವ ಬಗ್ಗೆ. ಈ ಕೊನೆಯ ವಿಷಯದ ಪತ್ರಗಳನ್ನೆಲ್ಲ ಒಟ್ಟುಗೂಡಿಸಿದರೆ ಒಂದು ಸಣ್ಣ ಕಾದಂಬರಿಯೇ ಆದೀತು. ಅದಕ್ಕೆ ಬಂದ ಉತ್ತರ ಮಾತ್ರ ಒಂದೇ ಸಾಲು: ‘ಸದರಿ ವಿಷಯವನ್ನು ತಮ್ಮ ಸಂಘದ ಸರ್ವಸದಸ್ಯರ ಸಭೆಯಲ್ಲಿ ಮಂಡಿಸಿ ತೀರ್ಮಾನಿಸುವುದು.’ ಇಂತಹ ಅಭ್ಯಾಸದ ಕೈಯಿಂದ ಪ್ರಬಂಧ ಬರೆಯಲು ಹೊರಟಿರುವುದರಿಂದ, ನಡುನಡುವೆ ‘ಸದರಿ’, ‘ಮೇಲ್ಕಂಡ’ ಮುಂತಾದವು ತಲೆ ಹಾಕಿದರೆ ದಯಮಾಡಿ ಸಹಿಸಿಕೊಳ್ಳಬೇಕಾಗಿ ವಿನಂತಿ.

ಗ್ರಹಗಳ ವಿಷಯಕ್ಕೆ ಬರುವ ಮುನ್ನ ನನ್ನ ಮನೆಯ ವಿಷಯವನ್ನು ನಿವೇದಿಸಿಕೊಳ್ಳಬೇಕಾಗಿದೆ. ನಮ್ಮ ಅವ್ವ ಪುಟ್ಟಮ್ಮ ಸಂಘದ ಮೊದಲ ದಿನದಿಂದಲೂ ಸದಸ್ಯೆ. ಹಸು ಅವಳ ಹೆಸರಿನದು, ಪಾಸ್ ಪುಸ್ತಕ ಅವಳ ಹೆಸರಿನದು, ಸಭೆಯಲ್ಲಿ ಮೊದಲ ಸಾಲಿನ ಚಾಪೆಯೂ ಒಂದು ರೀತಿಯಲ್ಲಿ ಅವಳ ಹೆಸರಿನದೇ. ನಮ್ಮಲ್ಲಿ ಒಂದು ನಿಯಮವಿದೆ. ಹತ್ತು ಹಸು ಕಟ್ಟಿದವನಿಗೂ ಒಂದೇ ಮತ, ಒಂದು ಹಸು ಕಟ್ಟಿದವಳಿಗೂ ಒಂದೇ ಮತ. ಆದರೆ ವರ್ಷದಲ್ಲಿ ಇಂತಿಷ್ಟು ದಿನ ಹಾಲು ಹಾಕಿದವರಿಗೆ ಮಾತ್ರ ಆ ಮತ. ಆ ವರ್ಷ ಅವ್ವನ ಹಳೆಯ ಹಸು ಮುದಿಯಾಗಿ ಹಾಲು ನಿಲ್ಲಿಸಿತ್ತು. ಅದರ ಮಗಳು ಗೌರಿ ಇನ್ನೂ ಮೊದಲ ಗಬ್ಬದ ಕಡಸು. ಹೀಗಾಗಿ ಅವ್ವನ ಕ್ಯಾನು ಡೈರಿಯ ಮುಖ ನೋಡಲಿಲ್ಲ. ಮತದಾರರ ಪಟ್ಟಿ ತಯಾರಿಸುವ ಕಾರ್ಯದರ್ಶಿ ನಿಯಮಾನುಸಾರ ಅವಳ ಹೆಸರನ್ನು ಕೈಬಿಟ್ಟನು. ಆ ಕಾರ್ಯದರ್ಶಿ ನಾನೇ ಆಗಿದ್ದೆನೆಂಬುದು ಮನೆಯಲ್ಲಿ ಸಣ್ಣ ಸಂಗತಿಯಾಗಿ ಉಳಿಯಲಿಲ್ಲ.

ಅಂದಿನಿಂದ ಅವ್ವ ನನ್ನನ್ನು ‘ರಂಗ’ ಎಂದು ಕರೆಯುವುದನ್ನು ಬಿಟ್ಟಳು. ‘ಸೆಕ್ರೆಟ್ರಿ ಸಾಯೇಬ್ರು’ ಎಂದಳು. ಅದೂ ನೇರವಾಗಿ ಅಲ್ಲ. ಹೇಳಬೇಕಾದುದೆಲ್ಲವನ್ನೂ ಕೊಟ್ಟಿಗೆಯಲ್ಲಿ ನಿಂತು ಗೌರಿಯ ಮುಖಾಂತರ ರವಾನಿಸುತ್ತಿದ್ದಳು. ನಾನು ಹಲ್ಲುಜ್ಜುತ್ತಾ ಹಿತ್ತಲಲ್ಲಿ ನಿಂತಿದ್ದರೆ, “ಬೇಗ ಈಯವ್ವಾ ಗೌರಿ. ನೀನು ಈಯೋಗಂಟ ನಾನು ಮೂಗಿ. ಹಂಗಂತ ಸೆಕ್ರೆಟ್ರಿ ಸಾಯೇಬ್ರು ಬರ್ದವ್ರೆ” ಎನ್ನುವಳು. “ಅವ್ವಾ, ನಿಯಮ ನಾನು ಮಾಡಿದ್ದಲ್ಲ” ಎಂದು ನಾನು ಅರಿಕೆ ಮಾಡಿಕೊಂಡರೆ, “ಕೇಳ್ದೇನೆ ಗೌರಿ? ನಿಯಮ ಅವ್ರು ಮಾಡಿಲ್ವಂತೆ. ಹೆಸ್ರು ಹೊಡ್ದಾಕಿದ್ದು ಮಾತ್ರ ಅವ್ರಂತೆ” ಎಂದು ಹುಲ್ಲು ಕೊಡವುವಳು. ಗೌರಿ ತಲೆಯಾಡಿಸುವಳು. ಸದರಿ ಪ್ರಾಣಿಗೆ ತಲೆಯಾಡಿಸುವುದು ಸ್ವಭಾವವೆಂದು ನನಗೆ ಗೊತ್ತಿದ್ದರೂ ಮನಸ್ಸಿಗೆ ನೋವಾಗುತ್ತಿತ್ತು. ನನ್ನ ಹೆಂಡತಿ ಭಾಗ್ಯ ಈ ವ್ಯಾಜ್ಯದಲ್ಲಿ ತಟಸ್ಥ ನೀತಿಯನ್ನು ಅನುಸರಿಸಿದಳು. ಅಂದರೆ ನನಗೆ ಸಾರು ಬಡಿಸುವಾಗ ನನ್ನ ಪರ, ಅವ್ವನಿಗೆ ಮುದ್ದೆ ಕಟ್ಟಿಕೊಡುವಾಗ ಅವ್ವನ ಪರ.

ಹೀಗಿರುವಾಗ, ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದ ನನ್ನ ಮಗಳು ಸುಮಾ ಒಂದು ಸಂಜೆ ಬಂದು, ಬೇಲೂರಿನಲ್ಲಿ ತಾಲ್ಲೂಕು ಮಟ್ಟದ ವಿಜ್ಞಾನ ನಾಟಕ ಸ್ಪರ್ಧೆ ಇದೆಯೆಂದೂ, ತಮ್ಮ ಶಾಲೆಯಿಂದಲೂ ಒಂದು ನಾಟಕ ಹೋಗುತ್ತದೆಂದೂ, ಅದನ್ನು ನಾನು ಬರೆಯುತ್ತೇನೆಂದೂ ತಿಳಿಸಿದಳು. “ನಾನೆಲ್ಲಿ ಬರೀತೀನಿ ಅಂದೆನಮ್ಮ?” ಎಂದೆ. “ನಾನಂದೆ ಅಪ್ಪ. ಮೇಷ್ಟ್ರು ಯಾರ ಮನೇಲಿ ಬರೆಯೋರಿದಾರೆ ಅಂತ ಕೇಳಿದ್ರು. ನಮ್ಮಪ್ಪ ದಿನಾ ಬರೀತಾನೇ ಇರ್ತಾರೆ ಸಾರ್ ಅಂದೆ” ಎಂದಳು. ವಿಷಯ, ಭವಿಷ್ಯದಲ್ಲಿ ಬೇರೆ ಬೇರೆ ಗ್ರಹಗಳಲ್ಲಿ ನೆಲೆಸಿದ ಮನುಷ್ಯರ ಬದುಕು. ನನಗೆ ರಾಕೆಟ್ಟಿನ ವಿಚಾರ ತಿಳಿಯದು. ಅರಸೀಕೆರೆಯ ಸ್ಟೇಷನ್ನಿನಲ್ಲಿ ರೈಲು ಹೊರಡುವಾಗ ಹಾಕುವ ಶಿಳ್ಳೆಗೇ ನಾನು ಎರಡು ಹೆಜ್ಜೆ ಹಿಂದೆ ಸರಿಯುವವನು. ಆದರೆ ಯಾವ ಗ್ರಹದಲ್ಲಿಯೇ ಆಗಲಿ, ಮನುಷ್ಯರು ನೆಲೆಸಿದರೆಂದರೆ ಅವರೊಂದು ಸಂಘ ಕಟ್ಟಿಯೇ ತೀರುತ್ತಾರೆ, ಸಂಘ ಕಟ್ಟಿದರೆಂದರೆ ಸಭೆ ಸೇರಿಯೇ ತೀರುತ್ತಾರೆ. ಸಭೆಯ ವಿಷಯದಲ್ಲಿ ತಾಲ್ಲೂಕಿನಲ್ಲಿ ನನಗಿಂತ ಹೆಚ್ಚು ಬಲ್ಲವರು ಬಹಳ ಜನರಿಲ್ಲವೆಂದು ವಿನಯಪೂರ್ವಕವಾಗಿ ಹೇಳಿಕೊಳ್ಳುತ್ತೇನೆ.

ಹೀಗೆ ಏಳು ಗ್ರಹಗಳ ಒಕ್ಕೂಟ ಅಸ್ತಿತ್ವಕ್ಕೆ ಬಂದಿತು. ಮೊದಲು ನಾನು ಅವುಗಳಿಗೆ ಗ್ರಹ ಸಂಖ್ಯೆ ಒಂದು, ಗ್ರಹ ಸಂಖ್ಯೆ ಎರಡು ಎಂದು ನಾಮಕರಣ ಮಾಡಿದ್ದೆ. “ಇದೇನಪ್ಪ, ರೇಷನ್ ಕಾರ್ಡಾ?” ಎಂದು ಸುಮಾ ಮುಖ ಸಿಂಡರಿಸಿದಳು. ಆಮೇಲೆ ತೇಲೂರು, ಹೊನ್ನಂಬರ, ನೀಲಾಡಿ, ಕೆಂಬೂದಿ, ಜೋಡಿನೆರಳು, ಮಂಜುಗುಡ್ಡ, ಕಿರುಗೋಳ ಎಂದು ಹೆಸರಿಟ್ಟೆವು. ಪ್ರತಿ ಗ್ರಹದ ಜನರು ಸೂರ್ಯನ ಬೆಳಕನ್ನು ಕ್ಯಾನಿನಲ್ಲಿ ಹಿಡಿದು ಒಕ್ಕೂಟದ ಶೇಖರಣಾ ಕೇಂದ್ರಕ್ಕೆ ಕಳುಹಿಸಬೇಕು. ಅಲ್ಲಿ ಬೆಳಕಿನ ಸ್ಯಾಂಪಲ್ ತೆಗೆದು, ನೀರು ಬೆರೆಸಿಲ್ಲವೆಂದು ಖಚಿತಪಡಿಸಿಕೊಂಡು, ತಂಪು ಮಾಡಿ, ಕತ್ತಲಿರುವ ಕಡೆಗೆ ಹಂಚುತ್ತಾರೆ. ಬೆಳಕಿಗೆ ನೀರು ಬೆರೆಸುವುದು ಹೇಗೆಂದು ಭಾಗ್ಯ ಕೇಳಿದಳು. ಜನರು ಮನಸ್ಸು ಮಾಡಿದರೆ ಯಾವುದಕ್ಕೆ ಬೇಕಾದರೂ ನೀರು ಬೆರೆಸುತ್ತಾರೆಂದು ಅನುಭವದಿಂದ ಉತ್ತರಿಸಿದೆ.

ಪ್ರತಿ ಗ್ರಹವೂ ಒಬ್ಬ ಪ್ರತಿನಿಧಿಯನ್ನು ಆರಿಸಿ ಒಕ್ಕೂಟದ ಸಭೆಗೆ ಕಳುಹಿಸಬೇಕು. ತೇಲೂರಿನಲ್ಲಿ ಕೋಟಿಗಟ್ಟಲೆ ಜನ, ಕಿರುಗೋಳದಲ್ಲಿ ನಮ್ಮೂರಿನಷ್ಟು ಜನ. ಆದರೂ ಗ್ರಹಕ್ಕೊಂದೇ ಮತ. ಹಸು ಹತ್ತಿರಲಿ, ಒಂದಿರಲಿ, ಮತ ಒಂದೇ ಅಲ್ಲವೇ. ಇಲ್ಲಿಯವರೆಗೆ ಸರಾಗವಾಗಿ ಸಾಗಿತು. ಮುಂದೆ ಸಭಾ ನೋಟೀಸಿನ ಸಮಸ್ಯೆ ಉದ್ಭವಿಸಿತು. ನೋಟೀಸು ತಲುಪಿದ ಮೇಲೆ ಹದಿನೈದು ದಿನ ಅವಕಾಶ ಕೊಟ್ಟು ಸಭೆ ನಡೆಸಬೇಕೆಂಬುದು ನನ್ನ ರಕ್ತದಲ್ಲಿ ಬೆರೆತ ಸಂಗತಿ. ಆದರೆ ವಿಜ್ಞಾನದ ಮೇಷ್ಟ್ರು ತಿಮ್ಮೇಗೌಡರು ಹಸ್ತಪ್ರತಿ ನೋಡಿ, “ಏನ್ ಸೆಕ್ರೆಟ್ರಿಗಳೇ, ನೀವಿಟ್ಟಿರೋ ದೂರಕ್ಕೆ ಮಂಜುಗುಡ್ಡಕ್ಕೆ ನೋಟೀಸು ಮುಟ್ಟೋಕೇ ಮೂರು ವರ್ಷ ಬೇಕಲ್ರೀ” ಎಂದರು. ನೋಟೀಸು ಹೋಗಲು ಮೂರು ವರ್ಷ, ಪ್ರತಿನಿಧಿ ಬರಲು ಅದಕ್ಕಿಂತ ಹೆಚ್ಚು. ಅಷ್ಟರಲ್ಲಿ ಮಂಜುಗುಡ್ಡದಲ್ಲಿ ಇನ್ನೊಂದು ಚುನಾವಣೆ ನಡೆದು, ಹೊರಟು ಬರುತ್ತಿರುವವನು ಸೋತಿರಬಹುದು. ಅವನು ಸಭೆಯಲ್ಲಿ ಕುಳಿತು ಗಂಭೀರವಾಗಿ ಮೇಜು ಕುಟ್ಟುತ್ತಿರುವಾಗ, ಅವನನ್ನು ಸೋಲಿಸಿದವನು ದಾರಿಯಲ್ಲಿ ಎಲ್ಲೋ ನಕ್ಷತ್ರ ದಾಟುತ್ತಿರುತ್ತಾನೆ. ನಾನು ಒಂದು ಭಾನುವಾರವೆಲ್ಲ ಯೋಚಿಸಿ, ‘ಸೋತ ಸುದ್ದಿ ಅಧಿಕೃತವಾಗಿ ತಲುಪುವವರೆಗೆ ಪ್ರತಿನಿಧಿಯು ಗೆದ್ದವನೆಂದೇ ಪರಿಗಣಿಸತಕ್ಕದ್ದು’ ಎಂಬ ಕಲಮನ್ನು ಸೇರಿಸಿದೆ. ತಿಮ್ಮೇಗೌಡರು ಓದಿ, “ಇದು ಇಲ್ಲೂ ನಡೀತಿದೆಯಲ್ರೀ” ಎಂದು ಕನ್ನಡಕ ತೆಗೆದು ಒರೆಸಿಕೊಂಡರು.

ಮುಂದಿನ ತೊಡಕು ಅಧ್ಯಕ್ಷರ ಅವಧಿಯದು. ಅಧ್ಯಕ್ಷ ಸ್ಥಾನವು ಸರದಿಯ ಪ್ರಕಾರ ಒಂದೊಂದು ಗ್ರಹಕ್ಕೆ ಒಂದೊಂದು ವರ್ಷವೆಂದು ಬರೆದಿದ್ದೆ. “ಯಾವ ಗ್ರಹದ ವರ್ಷ ಅಪ್ಪ?” ಎಂದಳು ಸುಮಾ. ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು. ಮಂಜುಗುಡ್ಡವು ತನ್ನ ಸೂರ್ಯನನ್ನು ಒಂದು ಸುತ್ತು ಬರುವಷ್ಟರಲ್ಲಿ ನಮ್ಮಲ್ಲಿ ಒಂದು ತಲೆಮಾರು ಕಳೆಯುತ್ತದೆ. ಅಲ್ಲಿಂದ ಬಂದವನು ‘ನನ್ನದು ಇನ್ನೂ ಸಂಕ್ರಾಂತಿಯೇ ಆಗಿಲ್ಲ’ ಎಂದು ಕುರ್ಚಿಯಲ್ಲಿಯೇ ಕುಳಿತರೆ ಎಬ್ಬಿಸುವವರು ಯಾರು? ಕುರ್ಚಿಯಿಂದ ಏಳದ ಅಧ್ಯಕ್ಷರನ್ನು ಕಂಡ ಅನುಭವ ನನಗಿಲ್ಲದಿಲ್ಲ. ಹೆಸರು ಬೇಡ. ಬಹಳ ವಿಚಾರ ಮಾಡಿ, ಏಳರಲ್ಲಿ ಅತಿ ಬೇಗ ಸುತ್ತುವ ಕಿರುಗೋಳದ ವರ್ಷವನ್ನೇ ಇಡೀ ಒಕ್ಕೂಟದ ವರ್ಷವೆಂದು ಘೋಷಿಸಿದೆ. ಅತಿ ಚಿಕ್ಕ ಗ್ರಹದ ಗಡಿಯಾರ ಎಲ್ಲರ ಗಡಿಯಾರ. ಯಾರೂ ಹೆಚ್ಚು ದಿನ ಕೂರುವಂತಿಲ್ಲ. ಈ ಕಲಮು ಬರೆದ ಸಂಜೆ ನಾನು ಬೆವರೊರೆಸಿಕೊಂಡು, ಕೊಠಡಿಯ ಬಾಗಿಲಿಗೆ ಬಂದು, ಹಾಲಿನ ಸಾಲನ್ನು ನೋಡುತ್ತಾ ನಿಂತೆ. ಹಳೇಬೀಡಿನ ಗೋಡೆಯ ಆನೆಗಳಂತೆ ಒಬ್ಬರ ಹಿಂದೊಬ್ಬರು ನಿಂತಿದ್ದ ನಮ್ಮ ಸದಸ್ಯರಿಗೆ, ತಮ್ಮ ಕಾರ್ಯದರ್ಶಿ ಏಳು ಲೋಕಗಳಿಗೆ ಆಡಳಿತ ರೂಪಿಸಿದ್ದಾನೆಂಬುದು ತಿಳಿದಿರಲಿಲ್ಲ. ಒಬ್ಬರು, “ಏನ್ರೀ ಸೆಕ್ರೆಟ್ರಿ, ಫ್ಯಾಟು ಕಮ್ಮಿ ಬರ್ದಿದ್ದೀರಲ್ಲ” ಎಂದರು.

ಕಿರುಗೋಳಕ್ಕೆ ಒಂದು ಕಷ್ಟವಿತ್ತು. ಅದು ಬಹುಕಾಲ ತೇಲೂರಿನ ನೆರಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಅಲ್ಲಿ ಬೆಳಕು ಬತ್ತಿಹೋಗುತ್ತದೆ, ಕ್ಯಾನು ಖಾಲಿ. ನಾಟಕದ ಕೊನೆಯ ದೃಶ್ಯದಲ್ಲಿ, ನಿಗದಿತ ಪ್ರಮಾಣದಲ್ಲಿ ಬೆಳಕು ಹಾಕದ ಕಾರಣ ಕಿರುಗೋಳದ ಮತವನ್ನು ರದ್ದುಪಡಿಸುವ ನಿರ್ಣಯ ಬರುತ್ತದೆ. ಆರು ಕೈಗಳು ಮೇಲೇಳುತ್ತವೆ. ಕಿರುಗೋಳದ ಪ್ರತಿನಿಧಿ ತಲೆಬಾಗಿಸಿ, ‘ನಿಯಮವೇ ಒಕ್ಕೂಟದ ಉಸಿರು’ ಎಂದು ನುಡಿದು ಹೊರನಡೆಯುತ್ತಾಳೆ. ಪರದೆ. ಬಹಳ ಉದಾತ್ತವಾದ ಮುಕ್ತಾಯವೆಂದು ನನಗನಿಸಿತ್ತು. ಇದಕ್ಕೂ ನಮ್ಮ ಮನೆಯ ವ್ಯಾಜ್ಯಕ್ಕೂ ಯಾವುದೇ ಸಂಬಂಧವಿಲ್ಲವೆಂದು ಭಾಗ್ಯಳಿಗೆ ಹೇಳಿದೆ. ಅವಳು ತಟಸ್ಥಳಾಗಿ ನಕ್ಕಳು. ಕಿರುಗೋಳದ ಪಾತ್ರ ಸುಮಾಳದು. ತೇಲೂರಿನ ಪ್ರತಿನಿಧಿಯೂ ಸಭೆಯ ಅಧ್ಯಕ್ಷನೂ ಆದವನು ಅವಳ ಸಹಪಾಠಿ ಕಿರಣ, ನಮ್ಮ ಸಂಘದ ಅಧ್ಯಕ್ಷ ಚಂದ್ರೇಗೌಡರ ಮಗ. ಕುರ್ಚಿಯಲ್ಲಿ ಕೂರುವ ಭಂಗಿಯನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಸ್ಪರ್ಧೆಯ ದಿನ ಬೆಳಿಗ್ಗೆ ಅವ್ವ ಹೊಸ ಸೀರೆಯುಟ್ಟು ಜಗುಲಿಯ ಮೇಲೆ ಕುಳಿತಿದ್ದಳು. “ಗೌರಿ, ಬೇಲೂರಿಗೋಗಿ ಗುಡೀಲಿ ಕೇಶವಪ್ಪನ್ ಮುಖ ನೋಡ್ಕಂಡು ಬತ್ತೀನಿ. ಹಂಗೇ ಮೊಮ್ಮಗ್ಳು ಆಟ ನೋಡ್ತೀನಿ. ಸಾಯೇಬ್ರು ಬರ್ದಿರದ್ನ ನೋಡಕ್ಕಲ್ಲ” ಎಂದು ಸ್ಪಷ್ಟೀಕರಣವನ್ನೂ ನೀಡಿದಳು. ಹಗರೆಯಲ್ಲಿ ಬಸ್ಸು ಹತ್ತುವಾಗ ಗ್ರಹಗಳ ಬಗ್ಗೆ ತಕರಾರು ಬಂದಿತು. ಅರಸೀಕೆರೆಯಿಂದ ತಂದ ಥರ್ಮೋಕೋಲಿನಲ್ಲಿ ಮಾಡಿದ ತೇಲೂರು ಬಸ್ಸಿನ ಬಾಗಿಲಿನೊಳಗೆ ಹಿಡಿಯಲಿಲ್ಲ. “ಏನ್ರೀ ಇದು?” ಎಂದರು ಕಂಡಕ್ಟರು. “ಗ್ರಹ” ಎಂದೆ. “ಗ್ರಹಚಾರನಾ? ಮೇಲಾಕ್ರೀ” ಎಂದರು. ಆರು ಗ್ರಹಗಳು ಬಸ್ಸಿನ ಮೇಲೆ ಬಾಳೆಗೊನೆಗಳ ಸಂಗಡ ಪ್ರಯಾಣ ಮಾಡಿದವು. ಕಿರುಗೋಳ ಮಾತ್ರ ನಮ್ಮದೇ ಮರದ ತೆಂಗಿನಕಾಯಿಗೆ ಬಣ್ಣ ಬಳಿದದ್ದು. ಅದನ್ನು ಅವ್ವ ಬೇಲೂರಿನವರೆಗೂ ಮಡಿಲಲ್ಲಿಟ್ಟುಕೊಂಡಿದ್ದಳು.

ಸಭಾಂಗಣ ತುಂಬಿತ್ತು. ಮಾದಿಹಳ್ಳಿಯ ಕಡೆಯಿಂದ, ಹಳೇಬೀಡಿನ ಕಡೆಯಿಂದ ಮಕ್ಕಳನ್ನು ನೋಡಲು ಬಂದ ತಂದೆತಾಯಿಗಳು. ಬಹುತೇಕ ಎಲ್ಲರೂ ಒಂದಲ್ಲ ಒಂದು ಊರಿನ ಡೈರಿಗೆ ಹಾಲು ಹಾಕುವವರೇ ಎಂಬುದನ್ನು ನಾನು ಆಗ ಗಮನಕ್ಕೆ ತೆಗೆದುಕೊಂಡಿರಲಿಲ್ಲ. ನಮಗಿಂತ ಮುಂಚಿನ ನಾಟಕಗಳಲ್ಲಿ ಹೊಗೆಯ ದುಷ್ಪರಿಣಾಮ, ಪ್ಲಾಸ್ಟಿಕ್ಕಿನ ದುಷ್ಪರಿಣಾಮ ಎಲ್ಲವೂ ಆಗಿ ಜನರು ಆಕಳಿಸುತ್ತಿದ್ದರು. ನಮ್ಮ ಪರದೆ ಸರಿದು, ಕಿರಣನು ಗಂಟಲು ಸರಿಪಡಿಸಿಕೊಂಡು, “ಕೋರಂ ಇರುವುದರಿಂದ ಸಭೆಯನ್ನು ಪ್ರಾರಂಭಿಸಲಾಗಿದೆ. ಹಿಂದಿನ ಸಭೆಯ ನಡವಳಿಯನ್ನು ಓದಿ ದೃಢೀಕರಿಸುವುದು” ಎಂದ ಕೂಡಲೇ ಸಭಾಂಗಣವೇ ನೆಟ್ಟಗೆ ಕುಳಿತಿತು. ಮಂಜುಗುಡ್ಡದ ಸೋತ ಪ್ರತಿನಿಧಿ ಮೇಜು ಕುಟ್ಟಿದಾಗ ಹಿಂದಿನ ಸಾಲಿನಿಂದ, “ಇವ್ನು ನಮ್ಮೂರ್ನಲ್ಲೂ ಅವ್ನೆ ಕಣ್ಲಾ” ಎಂಬ ಮಾತು ಕೇಳಿಸಿತು. ಪಕ್ಕದ ಪರದೆಯ ಮರೆಯಲ್ಲಿ ಹಸ್ತಪ್ರತಿ ಹಿಡಿದು ನಿಂತಿದ್ದ ನನಗೆ, ಜನ್ಮದಲ್ಲಿ ಮೊದಲ ಬಾರಿಗೆ, ನಾನು ಬರೆದುದನ್ನು ಮೇಲಿನ ಕಚೇರಿಯಲ್ಲದವರೂ ಕೇಳುತ್ತಿದ್ದಾರೆಂಬ ಅರಿವಾಗಿ ಮೈ ಜುಮ್ಮೆಂದಿತು.

ಕೊನೆಯ ದೃಶ್ಯ ಬಂದಿತು. ಕಿರಣನು ನಿರ್ಣಯವನ್ನು ಓದಿದನು. “ಒಪ್ಪುವವರು ಕೈ ಎತ್ತಬೇಕು.” ಆರು ಕೈಗಳು ಎದ್ದವು. “ವಿರೋಧಿಸುವವರು?” ಇದನ್ನು ನಾನು ಸಭಾ ಸಂಪ್ರದಾಯಕ್ಕೆಂದು ಬರೆದಿದ್ದೆನೇ ಹೊರತು ಉತ್ತರದ ನಿರೀಕ್ಷೆಯಿಂದಲ್ಲ. ಮೂರನೆಯ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಹಸಿರು ಬಳೆಯ, ನನಗೆ ಚೆನ್ನಾಗಿ ಪರಿಚಯವಿರುವ ಕೈ. ಕೈಯ ಹಿಂದೆಯೇ ಅವ್ವ ಎದ್ದು ನಿಂತಳು.

“ಲೇ ಮಗಾ ಅದ್ಯಕ್ಸ” ಎಂದಳು ಕಿರಣನಿಗೆ. “ಗಡಿಯಾರ ನೋಡಕ್ಕೆ ಆ ಹುಡ್ಗಿ ಊರು ಬೇಕು, ಕೈ ಎತ್ತಕ್ಕೆ ಬ್ಯಾಡ್ವಾ? ಇವತ್ತು ನೆಳ್ಳು ಬಿದ್ದೈತೆ, ನಾಳೆ ಸರೀತದೆ. ಗಬ್ಬದ ಹಸ ಹಾಲು ಕೊಡಲ್ಲ ಅಂತ ಕೊಟ್ಗೆಯಿಂದ ಆಚಿಗೆ ಕಟ್ತೀರೇನಪ್ಪ?”

ಮೊದಲು ಅವ್ವನ ಪಕ್ಕದ ಹೆಂಗಸು ಕೈ ಎತ್ತಿದರು. ಅವರ ಹಿಂದಿನವರು ಎತ್ತಿದರು. ಮತ್ತೆ ನೋಡುವಷ್ಟರಲ್ಲಿ ಸಭಾಂಗಣದ ತುಂಬ ಕೈಗಳು. ಭಾಗ್ಯಳ ಕೈಯೂ ಅದರಲ್ಲಿತ್ತು. ಅವಳ ತಟಸ್ಥ ನೀತಿ ಅಲ್ಲಿಗೆ ಸಮಾಪ್ತವಾಯಿತು. ಕಿರಣನು ದಿಕ್ಕು ತೋಚದೆ ನನ್ನ ಕಡೆ ನೋಡಿದನು. ನಾನು ಮರೆಯಿಂದ, “ಮುಂದಕ್ಕೆ ಹೋಗೋ, ಮುಂದಕ್ಕೆ ಹೋಗು” ಎಂದು ಪಿಸುಗುಟ್ಟಿದೆ. ಸುಮಾ ತಲೆಬಾಗಿಸಬೇಕಾಗಿತ್ತು. ಉಸಿರಿನ ಮಾತು ಹೇಳಬೇಕಾಗಿತ್ತು. ಅವಳು ತಲೆಯೆತ್ತಿ, ನಾನು ಬರೆಯದ ಮಾತನ್ನು, ನಾನು ಬರೆಯುವ ಧಾಟಿಯಲ್ಲಿಯೇ ಹೇಳಿದಳು: “ಮಾನ್ಯ ಅಧ್ಯಕ್ಷರೇ, ಎದ್ದಿರುವ ಕೈಗಳನ್ನು ಎಣಿಸಿ ಫಲಿತಾಂಶವನ್ನು ಘೋಷಿಸಬೇಕಾಗಿ ವಿನಂತಿ.” ಕಿರಣನು ಎರಡು ಸಾಲು ಎಣಿಸಿದನು, ಲೆಕ್ಕ ತಪ್ಪಿತು, ಮತ್ತೆ ಮೊದಲಿನಿಂದ ಎಣಿಸಿದನು. ಕೊನೆಗೆ ಬೆವರುತ್ತಾ, “ಕೈಗಳು ಬಹಳ ಇವೆ. ನಿರ್ಣಯ ಬಿದ್ದುಹೋಗಿದೆ. ಕಿರುಗೋಳದವರು ಕೂತ್ಕೊಳ್ಳಿ” ಎಂದನು. ಸುಮಾ ಕುಳಿತಳು. ಅವ್ವನೂ ಕುಳಿತಳು. ಚಪ್ಪಾಳೆಗೆ ಪರದೆ ಎಳೆಯುವವರು ಹಗ್ಗವನ್ನೇ ಮರೆತು ನಿಂತರು.

ನಮಗೆ ಎರಡನೆಯ ಸ್ಥಾನ ಬಂದಿತು. ತೀರ್ಪುಗಾರರು, “ಈ ನಾಟಕದಲ್ಲಿ ವಿಜ್ಞಾನ ಕಡಿಮೆ, ಕೋರಂ ಜಾಸ್ತಿ” ಎಂದು ಅಭಿಪ್ರಾಯಪಟ್ಟರು. ಮೊದಲ ಸ್ಥಾನ ಪಡೆದು ಜಿಲ್ಲಾ ಮಟ್ಟದ ಸ್ಪರ್ಧೆಗೆ ಹಾಸನಕ್ಕೆ ಹೋದದ್ದು ಪ್ಲಾಸ್ಟಿಕ್ಕಿನ ದುಷ್ಪರಿಣಾಮ. ಆದರೆ ಬಸ್ ನಿಲ್ದಾಣದಲ್ಲಿ ಗುರುತಿಲ್ಲದವರು ಬಂದು, “ಆ ಮೀಟಿಂಗ್ ನಾಟಕ ಬರೆದೋರು ನೀವೇನಾ?” ಎಂದು ಕೇಳಿದರು. ಹೌದೆಂದೆ. “ಕೊನೇದು ಚೆನ್ನಾಗಿ ಬರ್ದಿದ್ದೀರಿ ಕಣ್ರೀ. ಆ ಅಜ್ಜಿ ಪಾತ್ರನ ಜನದ ಮಧ್ಯೆ ಕೂರ್ಸಿದ್ದು ಒಳ್ಳೆ ಐಡಿಯಾ” ಎಂದರು. ನಾನು ನಿರಾಕರಿಸಲಿಲ್ಲ. ಅವ್ವ ತೆಂಗಿನಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಬೇರೆ ಕಡೆ ನೋಡುತ್ತಿದ್ದಳು.

ಮರುದಿನವೇ ನಾನು ಮೇಲಿನ ಕಚೇರಿಗೆ ಒಂದು ಪತ್ರ ಬರೆದೆ. ವಿಷಯ: ಗಬ್ಬದ ರಾಸುಗಳನ್ನು ಸಾಕುತ್ತಿರುವ ಸದಸ್ಯರ ಮತದ ಹಕ್ಕನ್ನು ಮುಂದುವರಿಸುವ ಬಗ್ಗೆ. ನನ್ನ ಪತ್ರಗಳಲ್ಲಿ ನನಗೆ ಹೆಮ್ಮೆಯಿರುವುದು ಇದೊಂದರ ಬಗ್ಗೆ. ಅದರಲ್ಲಿ ಗಡಿಯಾರದ ಮಾತನ್ನೂ ಸೇರಿಸಿದ್ದೆ. ಮೇಲಿನವರಿಗೆ ಅರ್ಥವಾಗಿರಲಾರದು. ಪರಿಶೀಲನೆಯಲ್ಲಿದೆಯೆಂದು ಉತ್ತರ ಬಂದಿತು, ಇಂದಿಗೂ ಪರಿಶೀಲನೆಯಲ್ಲಿಯೇ ಇದೆ. ಅದು ಮಂಜುಗುಡ್ಡಕ್ಕೇನಾದರೂ ಹೋಗಿದೆಯೋ ಎಂದು ಸುಮಾ ಕೇಳುತ್ತಾಳೆ. ಪರಿಶೀಲನೆ ಮುಗಿಯುವುದಕ್ಕೆ ಗೌರಿ ಕಾಯಲಿಲ್ಲ. ಹೆಣ್ಣುಕರು ಈದಳು. ಅವ್ವ ಬೆಳಿಗ್ಗೆ ಸಂಜೆ ಹಾಲು ತಂದು ಹಾಕಿದಳು. ಸಾಲಿನಲ್ಲಿ ನನ್ನ ಮುಂದೆ ನಿಂತು, “ಸಾಯೇಬ್ರೆ, ಸರ್ಯಾಗ್ ಬರ್ಕೊಳಿ” ಎನ್ನುವಳು. ನಾನು ಸರಿಯಾಗಿಯೇ ಬರೆದುಕೊಂಡೆ. ಮುಂದಿನ ವರ್ಷದ ಪಟ್ಟಿಯಲ್ಲಿ ಪುಟ್ಟಮ್ಮ ಎಂಬ ಹೆಸರನ್ನು ಬರೆಯುವಾಗ ನನ್ನ ಅಕ್ಷರ ಉಳಿದವಕ್ಕಿಂತ ಸ್ವಲ್ಪ ದೊಡ್ಡದಾಗಿದ್ದುದನ್ನು ಲೆಕ್ಕಪರಿಶೋಧಕರು ಗಮನಿಸಿದರು, ಆದರೆ ಆಕ್ಷೇಪಿಸಲಿಲ್ಲ.

ಸರ್ವಸದಸ್ಯರ ಸಭೆ ಸೇರಿತು. ಅವ್ವ ಮೊದಲ ಸಾಲಿನ ಚಾಪೆಯ ಮೇಲೆ, ಕೇಶವಪ್ಪನ ದರ್ಶನಕ್ಕೆ ಉಟ್ಟ ಅದೇ ಸೀರೆಯಲ್ಲಿ. ವಿಷಯಗಳೆಲ್ಲ ಮುಗಿದು ಕೊನೆಯದು ಬಂದಿತು. ಅಧ್ಯಕ್ಷರಾದ ಚಂದ್ರೇಗೌಡರು ಓದಿದರು: ಕಾರ್ಯದರ್ಶಿಯವರ ಕೊಠಡಿಗೆ ಒಂದು ಫ್ಯಾನು ಅಳವಡಿಸುವ ಬಗ್ಗೆ. “ಎಲ್ರೂ ಒಪ್ಪಿದ್ದೀರಲ್ಲ? ಯಾರಾದ್ರೂ ವಿರೋಧ ಇದ್ದೀರಾ?” ಎಂದು ವಾಡಿಕೆಯಂತೆ ಕೇಳಿ ಹಾಳೆಗಳನ್ನು ಮಡಚಲು ಹೊರಟರು. ಹಸಿರು ಬಳೆಯ ಕೈ ಮೇಲೆದ್ದಿತು.

“ಕೊಟ್ಗೇಲಿ ಬಾಣಂತಿ ಹಸಗೋಳು ಸೆಕೇಲಿ ಬೇಯ್ತಾವೆ, ಇವ್ನಿಗ್ಯಾಕ್ ಫ್ಯಾನು?” ಎಂದಳು ಅವ್ವ. ಸಭೆಯಲ್ಲಿ ನಗು ಹರಡಿತು. ಅವ್ವ ನನ್ನತ್ತ ತಿರುಗಿದಳು. ಆ ಪಟ್ಟಿಯ ದಿನದಿಂದ ಬಾಯಿಗೆ ಬಾರದಿದ್ದ ಹೆಸರು ಅವಳ ಬಾಯಿಗೆ ಬಂದಿತು. “ಲೋ ರಂಗ, ಬರ್ಕೊ. ನಾನು ಒಪ್ಪಕಿಲ್ಲ.”

ನಾನು ಬರೆದುಕೊಂಡೆ. ಅವ್ವನ ಹಿಂದೆ ಇನ್ನೂ ಕೆಲವು ಕೈಗಳು ಎದ್ದವು, ಅವುಗಳ ಹಿಂದೆ ಮತ್ತೆ ಕೆಲವು, ಕೊನೆಗೆ ನಿರ್ಣಯವು ಬೇಲೂರಿನಲ್ಲಿ ಬಿದ್ದಂತೆಯೇ ಬಿದ್ದುಹೋಯಿತು. ಏಳು ಗ್ರಹಗಳ ಸಭೆಗೆ ‘ವಿರೋಧಿಸುವವರು?’ ಎಂಬ ಪ್ರಶ್ನೆಯನ್ನು ಬರೆದವನು ನಾನು. ಅದಕ್ಕೆ ಕೈ ಎತ್ತಿದ ಮೊದಲ ಮಹಿಳೆ ನನ್ನ ತಾಯಿ ಎಂಬುದನ್ನು ಅತ್ಯಂತ ಹೆಮ್ಮೆಯಿಂದ ದಾಖಲಿಸುತ್ತೇನೆ. ಈ ಪ್ರಬಂಧವನ್ನು ಒಂದು ಕೈಯಲ್ಲಿ ಬೀಸಣಿಗೆ ಹಿಡಿದು ಬರೆಯಬೇಕಾಗಿ ಬಂದುದರಿಂದ, ಅಲ್ಲಲ್ಲಿ ಅಕ್ಷರಗಳು ಬೆವರಿಗೆ ಕದಡಿರುವುದನ್ನು ತಮ್ಮ ಮಾಹಿತಿಗಾಗಿ ಈ ಮೂಲಕ ತಿಳಿಯಪಡಿಸಲಾಗಿದೆ.